ಮಗು ಬೆಂಕಿಯೊಂದಿಗೆ ಆಡುತ್ತಿದ್ದರೆ ಏನು ಮಾಡಬೇಕು: ಹೆತ್ತವರಿಗೊಂದು ಸಮಗ್ರ ಮಾರ್ಗದರ್ಶಿ

ದಿಂಬಿನ ಕೆಳಗೆ ಸುಟ್ಟ ಕಡ್ಡಿ ಸಿಕ್ಕಿದಾಗ ಅಥವಾ ಪರದೆಯ ಅಂಚು ಕರಟಿರುವುದು ಕಂಡಾಗ ಹೆತ್ತವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಮಗುವಿಗೆ ನಾಲ್ಕು ಬಾರಿಸುತ್ತಾರೆ, ಇಲ್ಲವೇ "ಮಕ್ಕಳಲ್ಲವೇ, ಬುದ್ಧಿ ಬಂದಾಗ ತಾನಾಗಿ ಬಿಡುತ್ತದೆ" ಎಂದು ಸುಮ್ಮನಾಗುತ್ತಾರೆ. ಎರಡರ ಫಲವೂ ಒಂದೇ. ಮುಂದಿನ ಸಲ ಮಗು ಇನ್ನೂ ಮರೆಯಾದ ಜಾಗ ಹುಡುಕುತ್ತದೆ.

ಅಪಾಯ ಬೆಳೆಯುವುದು ಆ ಮರೆಯಲ್ಲೇ. ಚಿಕ್ಕ ಮಕ್ಕಳ ಕೈಯಿಂದ ಮನೆಯೊಳಗೆ ಹೊತ್ತುವ ಬೆಂಕಿ ಹೆಚ್ಚಾಗಿ ಮಲಗುವ ಕೋಣೆಯಲ್ಲಿ ಶುರುವಾಗುತ್ತದೆ: ಮಂಚದ ಕೆಳಗೆ, ಬಟ್ಟೆಯ ಕಪಾಟಿನೊಳಗೆ, ಬಾಗಿಲ ಹಿಂದೆ. ಮೊದಲು ಹಿಡಿಯುವುದು ಹಾಸಿಗೆ, ಹೊದಿಕೆ, ಬಟ್ಟೆ. ಉರಿ ದೊಡ್ಡದಾದಾಗ ಹೆದರಿದ ಮಗು ಓಡಿ ಬಂದು ಹೇಳುವ ಬದಲು ಅಲ್ಲೇ ಎಲ್ಲಾದರೂ ಅವಿತುಕೊಳ್ಳುತ್ತದೆ. ಆದ್ದರಿಂದ ಹೆತ್ತವರಿಗೆ ಒಟ್ಟಿಗೆ ಎರಡು ಕೆಲಸಗಳಿವೆ. ಬೆಂಕಿ ಹಚ್ಚುವ ಸಾಮಾನು ಮಗುವಿನ ಕೈಗೆ ಸಿಗದಂತೆ ಮಾಡುವುದು ಮೊದಲನೆಯದು. ಏನೇ ಆದರೂ ಬಂದು ಹೇಳುವ ಧೈರ್ಯ ಮಗುವಿಗೆ ಉಳಿಯುವಂತೆ ನೋಡಿಕೊಳ್ಳುವುದು ಎರಡನೆಯದು. ಮೊದಲನೆಯದು ಒಂದು ಸಂಜೆಯಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ತಿಂಗಳುಗಳು ಬೇಕು, ಮತ್ತು ಹೆಚ್ಚಿನ ಮನೆಗಳಲ್ಲಿ ಬಿಟ್ಟುಹೋಗುವುದೂ ಅದೇ.

ಬೆಂಕಿಯ ಬಗ್ಗೆ ಕುತೂಹಲ ಇರುವುದು ರೋಗವಲ್ಲ. ಮೂರು ವರ್ಷದ ಮಗುವೂ ದೀಪದ ಕುಡಿಯನ್ನು ಕಣ್ಣು ಮಿಟುಕಿಸದೆ ನೋಡುತ್ತದೆ, "ಇದು ಯಾಕೆ ಬಿಸಿ?" ಎಂದು ಕೇಳುತ್ತದೆ, ಆಟದಲ್ಲಿ ಅಗ್ನಿಶಾಮಕ ದಳದವನಾಗುತ್ತದೆ. ಇದು ಆಸಕ್ತಿ. ಕದ್ದು ಕಡ್ಡಿ ಗೀರಿ ಎಲೆಯನ್ನೋ ಕಾಗದದ ಚೂರನ್ನೋ ಸುಟ್ಟು ನೋಡಿದರೆ ಅದು ಬೆಂಕಿಯಾಟ. ಬೇಕೆಂದೇ, ಮತ್ತೆ ಮತ್ತೆ, ಏನನ್ನಾದರೂ ಸುಡಬೇಕೆಂಬ ಉದ್ದೇಶದಿಂದ ಹಚ್ಚಿದರೆ ಅದು ಬೇರೆಯದೇ ವಿಷಯ. ಮೂರಕ್ಕೂ ಒಂದೇ ಮದ್ದು ಇಲ್ಲ. ಆದರೆ ಎರಡನೆಯ ಹಂತವನ್ನು ಹಗುರವಾಗಿ ಕಾಣುವಂತಿಲ್ಲ: ಮಗುವಿಗೆ ಅದು ಆಟವಾದರೂ ಬೆಂಕಿಗೆ ಆಟವೆಂಬುದು ತಿಳಿಯದು.

ಮೊದಲ ಹೆಜ್ಜೆ: ಬೆಂಕಿ ಇನ್ನೂ ಇದ್ದರೆ

ವಿಚಾರಣೆ ಆಮೇಲೆ. ಮೊದಲು ಎಲ್ಲರೂ ಹೊರಗೆ. ಹೊರಡುವಾಗ ಬೆಂಕಿ ಇರುವ ಕೋಣೆಯ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಉರಿಯನ್ನೂ ಅಮೂಲ್ಯವಾದ ಕೆಲವು ನಿಮಿಷ ತಡೆಯುತ್ತದೆ. ಹೊರಗೆ ಬಂದ ಮೇಲೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಮಗು ಕಾಣದಿದ್ದರೆ ಮಂಚದ ಕೆಳಗೆ, ಕಪಾಟಿನೊಳಗೆ, ಸ್ನಾನದ ಮನೆಯಲ್ಲಿ ಅವಿತಿರಬಹುದು ಎಂಬುದನ್ನು ಬಂದ ಸಿಬ್ಬಂದಿಗೆ ತಕ್ಷಣ ತಿಳಿಸಿ.

ಸಣ್ಣ ಉರಿ ಅರ್ಧ ನಿಮಿಷದೊಳಗೆ ಕೈಮೀರಬಹುದು. ಫೋಮ್ ಹಾಸಿಗೆ, ಸೋಫಾ, ಪ್ಲಾಸ್ಟಿಕ್ ಸಾಮಾನು ತುಂಬಿದ ಕೋಣೆಯಲ್ಲಿ ಚಾವಣಿಯ ಕೆಳಗೆ ಕಟ್ಟಿಕೊಂಡ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಣೆಯಲ್ಲಿರುವುದೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕೆಲವೇ ನಿಮಿಷ ಸಾಕು. ಜೀವ ಹೋಗುವುದು ಹೆಚ್ಚಾಗಿ ಉರಿಯಿಂದಲ್ಲ, ಹೊಗೆಯಿಂದ. ಹಾಗಾಗಿ "ನಾನೇ ಆರಿಸುತ್ತೇನೆ" ಎಂಬ ಸಾಹಸ ಬೇಡ.

ಬೆಂಕಿ ಆರಿಹೋಗಿದ್ದರೂ ಅದು ಹಾಸಿಗೆ, ದಿಂಬು, ಸೋಫಾಕ್ಕೆ ಹಿಡಿದಿದ್ದರೆ ಅಗ್ನಿಶಾಮಕ ದಳದವರಿಗೆ ತೋರಿಸಿ. ಹತ್ತಿ ಮತ್ತು ಫೋಮ್ ಒಳಗೊಳಗೇ ಕೆಂಡದಂತಿದ್ದು ಗಂಟೆಗಳ ನಂತರ ಮತ್ತೆ ಭುಗಿಲೇಳುವುದುಂಟು.

ಸುಟ್ಟ ಗಾಯವಾಗಿದ್ದರೆ ತಣ್ಣನೆಯ ಹರಿಯುವ ನೀರಿನಡಿ ಪೂರ್ತಿ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಯೇ ಹಿಡಿಯಿರಿ, ಏಕೆಂದರೆ ಅಳುವ ಮಗುವಿನ ಕೈ ಹಿಡಿದು ನಿಂತಾಗ ಎರಡು ನಿಮಿಷವೇ ಇಪ್ಪತ್ತರಂತೆ ಕಾಣುತ್ತದೆ. ಉಂಗುರ, ಬಳೆ, ಬಿಗಿಯಾದ ಬಟ್ಟೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಐಸ್, ಟೂತ್‌ಪೇಸ್ಟ್, ಬೆಣ್ಣೆ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಎಳೆ ಹೊರಬಿಡದ ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯವಾದರೆ ಎಷ್ಟೇ ಚಿಕ್ಕದಿದ್ದರೂ ತಡ ಮಾಡುವಂತಿಲ್ಲ. ಹೊಗೆ ಕುಡಿದ ಮಗುವನ್ನು, ಹೊರಗೆ ಏನೂ ಗಾಯ ಕಾಣದಿದ್ದರೂ, ವೈದ್ಯರು ನೋಡಲೇಬೇಕು.

ಎರಡನೆಯ ಹೆಜ್ಜೆ: ಮಾತು

ನಿಮ್ಮ ಕೈ ನಡುಗುತ್ತಿರುವಾಗ ಮಾತು ಶುರು ಮಾಡಬೇಡಿ. "ನನಗೆ ತುಂಬಾ ಹೆದರಿಕೆಯಾಗಿದೆ. ನೀನು ಸುರಕ್ಷಿತವಾಗಿದ್ದೀಯ, ಅದು ಮುಖ್ಯ. ಸಂಜೆ ಕುಳಿತು ಮಾತಾಡೋಣ" ಎಂದಷ್ಟೇ ಹೇಳಿ. ಹೆದರಿಕೆಯಾಗಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆ ಹೆದರಿಕೆ ಸಿಟ್ಟಿನ ವೇಷ ಹಾಕಿಕೊಂಡು ಬಂದಾಗಲೇ ಮಗುವಿನ ಬಾಯಿ ಕಟ್ಟುವುದು.

ಸಂಜೆ ಕುಳಿತಾಗ "ಯಾಕೆ ಮಾಡಿದೆ?" ಎಂದು ಆರಂಭಿಸಬೇಡಿ. ಏಳು ವರ್ಷದ ಮಗುವಿಗೆ ಅದರ ಉತ್ತರ ನಿಜವಾಗಿಯೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದರೆ ಇನ್ನೊಂದು ಏಟು ಬೀಳುತ್ತದೆ ಎಂಬ ಭಯಕ್ಕೆ ಅದು ಕಥೆ ಕಟ್ಟುತ್ತದೆ. ಆ ಕಥೆಯ ಮೇಲೆ ನೀವು ತೀರ್ಪು ಕೊಡುತ್ತೀರಿ. ಬದಲಿಗೆ ನಡೆದದ್ದನ್ನು ಕೇಳಿ:

- ಕಡ್ಡಿ ಅಥವಾ ಲೈಟರ್ ಎಲ್ಲಿ ಸಿಕ್ಕಿತು?
- ಆಗ ಜೊತೆಯಲ್ಲಿ ಯಾರಿದ್ದರು? ಮನೆಯಲ್ಲಿ ಯಾರು ಎಲ್ಲಿದ್ದರು?
- ಮೊದಲು ಏನನ್ನು ಸುಟ್ಟೆ, ಆಮೇಲೆ ಏನಾಯಿತು?
- ಹಚ್ಚುವ ಮೊದಲು ಹೇಗನಿಸುತ್ತಿತ್ತು? ಉರಿಯುವಾಗ? ಆಮೇಲೆ?
- ಆರಿಸಲು ಏನು ಮಾಡಿದೆ?
- ಇದಕ್ಕೂ ಮೊದಲು ಎಲ್ಲಾದರೂ ಹಚ್ಚಿದ್ದೆಯಾ?

ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಪೂರ್ತಿ ನಂಬಬೇಡಿ, ಜಗ್ಗಾಡಲೂ ಹೋಗಬೇಡಿ. ಹೆತ್ತವರ ಕಣ್ಣಿಗೆ ಬಿದ್ದ ಮೊದಲ ಬೆಂಕಿಯೇ ಮಗುವಿನ ಮೊದಲ ಬೆಂಕಿಯಾಗಿರುವುದು ಅಪರೂಪ. ಎರಡು ದಿನ ಬಿಟ್ಟು, ಜೊತೆಯಲ್ಲಿ ನಡೆಯುತ್ತಾ ಹೋಗುವಾಗ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಎದುರೆದುರು ಕೂತಾಗ ಬಾರದ ಉತ್ತರ ಪಕ್ಕದಲ್ಲಿ ನಡೆಯುವಾಗ ಬರುತ್ತದೆ.

ಮಾತು ಮುಗಿಸುವ ಮೊದಲು ಮನೆಗೊಂದು ನಿಯಮ ಮಾಡಿ: ಬೆಂಕಿ ಹೊತ್ತಿಕೊಂಡರೆ, ಯಾರೇ ಹಚ್ಚಿರಲಿ, ತಕ್ಷಣ ಓಡಿಬಂದು ಹೇಳಬೇಕು, ಹೇಳಿದ್ದಕ್ಕಾಗಿ ಯಾರಿಗೂ ಏಟು ಇಲ್ಲ. ಹಚ್ಚಿದ್ದಕ್ಕೆ ಬೆಲೆ ತೆರಬೇಕಾಗುತ್ತದೆ, ಆದರೆ ಹೇಳಿದ್ದಕ್ಕಲ್ಲ. ಈ ವ್ಯತ್ಯಾಸವನ್ನು ಮಗುವಿಗೆ ಬಿಡಿಸಿ ಹೇಳಿ, ಮತ್ತು ಅದನ್ನು ಪಾಲಿಸಿ. ಒಮ್ಮೆ ಮುರಿದರೆ ಆ ನಿಯಮ ಮತ್ತೆ ಕೆಲಸ ಮಾಡದು.

ಮೂರನೆಯ ಹೆಜ್ಜೆ: ಮನೆಯನ್ನು ಜಾಲಾಡಿ

ಮಗು ಇಲ್ಲದ ಹೊತ್ತಿನಲ್ಲಿ ಮನೆಯನ್ನು ಮಗುವಿನ ಎತ್ತರದಿಂದ ನೋಡಿ. ಮಂಡಿಯೂರಿ ಮಂಚದ ಕೆಳಗೆ ಟಾರ್ಚ್ ಬಿಡಿ. ಹಾಸಿಗೆಯ ಬದಿ, ಕಪಾಟಿನ ಮೂಲೆ, ಶಾಲೆಯ ಚೀಲದ ಒಳಜೇಬು, ಆಟಿಕೆಗಳ ಡಬ್ಬದ ತಳ, ಮನೆಯ ಹಿಂಬದಿಯ ಗೋಡೆ ಎಲ್ಲವನ್ನೂ ನೋಡಿ. ಕರಿಹಿಡಿದ ಕಡ್ಡಿ, ನೆಲಹಾಸಿನಲ್ಲಿ ಗುಂಡಗಿನ ಕಂದು ತೂತು, ಅರ್ಧ ಕರಗಿದ ಪ್ಲಾಸ್ಟಿಕ್ ಗೊಂಬೆ, ಮಸಿ ಹಿಡಿದ ಚಮಚ, ಖಾಲಿ ಲೈಟರ್: ಇವೆಲ್ಲ ಹೇಳುವುದು ಇದು ಎಷ್ಟು ದಿನದಿಂದ ನಡೆದಿದೆ ಎಂಬುದನ್ನು. ಸಿಕ್ಕಿದ್ದರ ಪಟ್ಟಿ ಮಾಡಿಟ್ಟುಕೊಳ್ಳಿ. ಮುಂದೆ ತಜ್ಞರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.

ನಂತರ ಮನೆಯಲ್ಲಿರುವ ಬೆಂಕಿಪೊಟ್ಟಣ, ಲೈಟರ್, ಒಲೆ ಹಚ್ಚುವ ಗನ್, ಮೇಣದಬತ್ತಿ, ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್, ಸ್ಯಾನಿಟೈಸರ್, ಪಟಾಕಿ, ಸ್ಪ್ರೇ ಡಬ್ಬಿ ಎಲ್ಲವನ್ನೂ ಒಂದೆಡೆ ಸೇರಿಸಿ ಬೀಗ ಹಾಕಿ. ಎತ್ತರದ ಕಪಾಟು ಸಾಲದು, ಮಕ್ಕಳಿಗೆ ಕುರ್ಚಿ ಎಳೆಯಲು ಬರುತ್ತದೆ. ಲೈಟರ್‌ಗಳನ್ನು ಎಣಿಸಿಡಿ. ಸಿಗರೇಟು ಸೇದುವವರು ಲೈಟರನ್ನು ಮೇಜಿನ ಮೇಲೆ ಬಿಡದೆ ಸದಾ ಮೈಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮನೆಗೆ ಬರುವ ನೆಂಟರಿಗೂ ಇದನ್ನೇ ಹೇಳಿ, ಮುಜುಗರವಾದರೂ ಹೇಳಿ.

"ಇದು ಮಕ್ಕಳು ಹಚ್ಚಲಾಗದ ಲೈಟರ್" ಎಂಬ ಮಾತನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ 1994ರಿಂದ ಇಂಥ ಲೈಟರ್‌ಗಳಿಗೆ ನಿಯಮವಿದೆ. ಅದರ ಪ್ರಕಾರ ಪರೀಕ್ಷೆಗೆ ಕೂತ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 85ರಷ್ಟು ಮಂದಿಗೆ ಅದನ್ನು ಹಚ್ಚಲು ಬರದಿದ್ದರೆ ಸಾಕು. ಅಂದರೆ ನೂರರಲ್ಲಿ ಹದಿನೈದು ಪುಟಾಣಿಗಳು ಹಚ್ಚಿದರೂ ಆ ಲೈಟರ್ ಪಾಸು. ಏಳೆಂಟು ವರ್ಷದವರ ಮಾತು ಬಿಡಿ. ಇನ್ನು ಗೊಂಬೆ, ಕಾರು, ಪಿಸ್ತೂಲಿನ ಆಕಾರದ ಲೈಟರ್‌ಗಳು ಮನೆಯೊಳಗೆ ಇರಲೇಬಾರದು. ಅವುಗಳನ್ನು ಮಾಡಿದವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಹೊಗೆ ಅಲಾರಂ ಇಲ್ಲದಿದ್ದರೆ ಈ ವಾರವೇ ಹಾಕಿಸಿ: ಪ್ರತಿ ಅಂತಸ್ತಿಗೊಂದು, ಮಲಗುವ ಕೋಣೆಗಳೊಳಗೂ ಒಂದೊಂದು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, ಹತ್ತು ವರ್ಷವಾದ ಯಂತ್ರವನ್ನು ಬದಲಾಯಿಸಿ. ನಿದ್ದೆಯಲ್ಲಿರುವ ಎಷ್ಟೋ ಮಕ್ಕಳು ಅಲಾರಂ ಸದ್ದಿಗೆ ಏಳುವುದೇ ಇಲ್ಲ. ರಾತ್ರಿ ಯಾವ ಮಗುವನ್ನು ಯಾರು ಎಬ್ಬಿಸಬೇಕು ಎಂಬುದನ್ನು ದೊಡ್ಡವರು ಮೊದಲೇ ಹಂಚಿಕೊಂಡಿರಬೇಕು.

ನಾಲ್ಕನೆಯ ಹೆಜ್ಜೆ: ಇದು ಯಾವ ಬಗೆಯದು ಎಂದು ತಿಳಿಯಿರಿ

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮಕ್ಕಳನ್ನು ಸ್ಥೂಲವಾಗಿ ಕೆಲವು ಬಗೆಯಾಗಿ ನೋಡುತ್ತಾರೆ. ಗೆರೆ ಕೊರೆದಂತೆ ಬೇರೆಬೇರೆ ಇರುವುದಿಲ್ಲ, ಒಂದೇ ಮಗುವಿನಲ್ಲಿ ಎರಡು ಸೇರಿರಬಹುದು.

ಕುತೂಹಲದ ಮಗು ಸಾಮಾನ್ಯವಾಗಿ ಹತ್ತು ವರ್ಷದೊಳಗಿನದು. ಕೈಗೆ ಸಿಕ್ಕಿದ ಕಡ್ಡಿಯಿಂದ ಕೈಗೆ ಸಿಕ್ಕಿದ ಕಾಗದ ಸುಟ್ಟಿರುತ್ತದೆ. ಉರಿ ಏರಿದ ಕೂಡಲೇ ಗಾಬರಿಯಾಗಿ ಊದಿರುತ್ತದೆ, ನೀರು ಹಾಕಿರುತ್ತದೆ, ಅತ್ತಿರುತ್ತದೆ. ಇಂಥ ಮಗುವಿಗೆ ಬೇಕಿರುವುದು ಕಲಿಕೆ ಮತ್ತು ಕಾವಲು.

ಸಂಕಟದ ಮಗುವಿನ ಕಥೆ ಬೇರೆ. ಮನೆಯಲ್ಲಿ ಸಾವು, ಹೆತ್ತವರ ಬೇರ್ಪಡೆ, ಹೊಸ ಊರು, ಶಾಲೆಯಲ್ಲಿ ಕಾಟ, ಹೊಡೆತ, ಲೈಂಗಿಕ ದೌರ್ಜನ್ಯ: ಇವುಗಳಲ್ಲಿ ಏನೋ ಒಂದು ನಡೆದಿರುತ್ತದೆ, ಅದನ್ನು ಹೇಳಲು ಮಗುವಿಗೆ ಮಾತು ಸಿಕ್ಕಿರುವುದಿಲ್ಲ. ಸುಡುವ ವಸ್ತುವಿನಲ್ಲೇ ಸುಳಿವು ಇರುತ್ತದೆ. ಸುಟ್ಟದ್ದು ಯಾರ ಬಟ್ಟೆ? ಯಾರ ಹಾಸಿಗೆ? ಯಾವ ವಿಷಯದ ಪುಸ್ತಕ? ಈ ಪ್ರಶ್ನೆಗಳನ್ನು ಮಗುವಿಗಲ್ಲ, ನಿಮಗೆ ನೀವೇ ಕೇಳಿಕೊಳ್ಳಿ. ಉತ್ತರ ಕೆಲವೊಮ್ಮೆ ದೊಡ್ಡವರಿಗೆ ಹಿತವಾಗಿರುವುದಿಲ್ಲ.

ಮೂರನೆಯದು ಗೆಳೆಯರ ಗುಂಪಿನ ಬೆಂಕಿ, ಅದರ ಬಗ್ಗೆ ಮುಂದೆ ಬರೆದಿದ್ದೇನೆ. ನಾಲ್ಕನೆಯದು ಗಂಭೀರ ಮಾನಸಿಕ ತೊಂದರೆಯ ಭಾಗವಾಗಿ ಬರುವುದು. ಇಲ್ಲಿ ಪೈರೋಮೇನಿಯಾ ಎಂಬ ಹೆಸರು ಜನರ ಬಾಯಲ್ಲಿ ಬೇಗ ಬರುತ್ತದೆ. ಅದು ತೀರಾ ಅಪರೂಪದ ರೋಗನಿರ್ಣಯ. ಹಚ್ಚುವ ಮೊದಲು ಒಳಗೆ ಬಿಗಿತ, ಹಚ್ಚಿದ ಮೇಲೆ ಸುಖ ಅಥವಾ ಬಿಡುಗಡೆ, ಬೆಂಕಿಯ ಮೇಲೆ ಬಿಡದ ಮೋಹ, ಸಿಟ್ಟು-ಸೇಡು-ಲಾಭ ಯಾವ ಕಾರಣವೂ ಇಲ್ಲದೆ ಮತ್ತೆ ಮತ್ತೆ ಹಚ್ಚುವುದು: ಇವೆಲ್ಲ ಒಟ್ಟಿಗಿರಬೇಕು. ಬೆಂಕಿ ಹಚ್ಚುವ ಹೆಚ್ಚಿನ ಮಕ್ಕಳು ಈ ಅಳತೆಗೆ ಬರುವುದೇ ಇಲ್ಲ. ಮಗುವಿನ ಹಣೆಗೆ ಆ ಪಟ್ಟಿ ಅಂಟಿಸಬೇಡಿ, ಬೇರೆಯವರು ಅಂಟಿಸಲೂ ಬಿಡಬೇಡಿ.

ಐದನೆಯ ಹೆಜ್ಜೆ: ಕಲಿಸಿ, ಹೆದರಿಸಬೇಡಿ

ಸುಟ್ಟ ದೇಹಗಳ ಚಿತ್ರ ತೋರಿಸುವುದು, ಬೆರಳನ್ನು ಉರಿಗೆ ತಾಗಿಸಿ "ಈಗ ಗೊತ್ತಾಯಿತಾ" ಎನ್ನುವುದು, ಪೊಲೀಸರನ್ನು ಕರೆಯುತ್ತೇನೆ ಎಂದು ಗದರಿಸುವುದು: ಇವು ಯಾವುವೂ ಕೆಲಸಕ್ಕೆ ಬಾರವು. ಬೆರಳು ಸುಡುವುದಂತೂ ನೇರವಾಗಿ ಹಿಂಸೆ. ಪೊಟ್ಟಣಗಟ್ಟಲೆ ಕಡ್ಡಿ ಕೊಟ್ಟು "ಬೇಸರ ಬರುವವರೆಗೆ ಗೀರು" ಎನ್ನುವ ಹಳೆಯ ಉಪಾಯವೊಂದಿದೆ. ಅದನ್ನೂ ಮಾಡಬೇಡಿ. ಅದರಿಂದ ಮಗುವಿಗೆ ಕಡ್ಡಿ ಗೀರುವ ಕೈಚಳಕ ಬರುತ್ತದೆ, ಅಷ್ಟೇ.

ಆರು ವರ್ಷದೊಳಗಿನವರಿಗೆ ಕಲಿಸಬೇಕಾದದ್ದು ಒಂದೇ: ಕಡ್ಡಿ, ಲೈಟರ್ ದೊಡ್ಡವರ ಸಾಮಾನು, ಕಂಡರೆ ಮುಟ್ಟದೆ ಬಂದು ಹೇಳಬೇಕು. ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಉಳಿಯುವುದಿಲ್ಲ, ಆಡಿಸಿ ಕಲಿಸಿ. ಖಾಲಿ ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು ಮಗುವನ್ನು ಕೋಣೆಗೆ ಕಳುಹಿಸಿ. ಮಗು ಮುಟ್ಟದೆ ನಿಮ್ಮ ಬಳಿ ಬಂದು "ಅಲ್ಲಿ ಪೊಟ್ಟಣ ಇದೆ" ಎಂದರೆ ಬೆನ್ನು ತಟ್ಟಿ. ಕೆಲವು ದಿನ ಬಿಟ್ಟು ಬೇರೆ ಜಾಗದಲ್ಲಿ ಮತ್ತೆ ಆಡಿಸಿ. ಹೇಳಿದರೆ ಮೆಚ್ಚುಗೆ ಸಿಗುತ್ತದೆ ಎಂಬುದು ಮಗುವಿನ ಮೈಗೆ ಹತ್ತಬೇಕು.

ಬಟ್ಟೆಗೆ ಬೆಂಕಿ ತಾಗಿದರೆ ಓಡದೆ ನಿಂತು, ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಉರುಳುವುದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಕಲಿಸಿ. ತೀರಾ ಚಿಕ್ಕವರು ಇದನ್ನು ಗೊಂದಲ ಮಾಡಿಕೊಂಡು, ಅಲಾರಂ ಹೊಡೆದರೆ ಹೊರಗೆ ಓಡುವ ಬದಲು ನೆಲದಲ್ಲಿ ಉರುಳುವುದುಂಟು. ಅವರಿಗೆ "ಸದ್ದಾದರೆ ಹೊರಗೆ, ಹೊಗೆಯಿದ್ದರೆ ಬಗ್ಗಿ ತೆವಳಿ" ಎಂಬಷ್ಟೇ ಸಾಕು. ಎರಡು ದಾರಿಯಿಂದ ಹೊರಬರುವ ಅಭ್ಯಾಸ ಮಾಡಿಸಿ, ಹೊರಗೆ ಎಲ್ಲರೂ ಸೇರುವ ಜಾಗ ಗೊತ್ತುಮಾಡಿ.

ಏಳರಿಂದ ಹನ್ನೆರಡರವರಿಗೆ ಬೆಂಕಿಯ ವಿಜ್ಞಾನ ಹೇಳಿ. ಉರಿಗೆ ಶಾಖ, ಉರುವಲು, ಆಮ್ಲಜನಕ ಮೂರೂ ಬೇಕು. ಒಂದನ್ನು ಕಿತ್ತರೆ ಆರುತ್ತದೆ. ಫೋಮ್ ಸುಟ್ಟರೆ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಈ ವಯಸ್ಸಿನವರು "ನಾನು ಬೇಕಾದಾಗ ಆರಿಸಬಲ್ಲೆ" ಎಂದು ನಂಬಿರುತ್ತಾರೆ. ಆ ನಂಬಿಕೆಯನ್ನು ಅಲುಗಾಡಿಸುವುದೇ ಕಲಿಕೆಯ ತಿರುಳು. ಅಲಾರಂ ಪರೀಕ್ಷಿಸುವ ಹೊಣೆಯನ್ನು ಇವರಿಗೇ ಕೊಡಿ. ಮನೆಯ ನಕ್ಷೆ ಬರೆದು ಹೊರದಾರಿಗಳನ್ನು ಗುರುತಿಸಲಿ. ದೊಡ್ಡವರ ಕಣ್ಣೆದುರು ಮೇಣದಬತ್ತಿ ಹಚ್ಚಲು ಬಿಡಬಹುದೇ? ಕುತೂಹಲದ ಮಗುವಾದರೆ, ಸ್ವಲ್ಪ ಕಾಲ ಕಳೆದ ಮೇಲೆ, ಬಿಡಬಹುದು ಎನ್ನುವವನು ನಾನು. ಸಂಕಟದಿಂದ ಹಚ್ಚುವ ಮಗುವಿಗೆ, ತಜ್ಞರು ಹೇಳುವವರೆಗೆ, ಬೇಡ.

ಮಕ್ಕಳ ಮುಂದೆ ಲೈಟರ್ ತಿರುಗಿಸುತ್ತಾ, ಕಡ್ಡಿ ಗೀರಿ ಚಮತ್ಕಾರ ತೋರಿಸುವ ಮಾವನೋ ಅಣ್ಣನೋ ಮನೆಯಲ್ಲಿದ್ದರೆ ಈ ಪಾಠವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಮೊದಲು ಅವರನ್ನು ಕೂರಿಸಿ ಮಾತಾಡಿ.

ಆರನೆಯ ಹೆಜ್ಜೆ: ತಪ್ಪಿಗೆ ತಕ್ಕ ಹೊಣೆ

ಶಿಕ್ಷೆ ಇರಲಿ, ಆದರೆ ಬೆಂಕಿಗೆ ಸಂಬಂಧಿಸಿದ್ದಾಗಿರಲಿ. ಮಸಿ ಹಿಡಿದ ಗೋಡೆ ಉಜ್ಜುವುದು, ಸುಟ್ಟದ್ದನ್ನು ಬದಲಾಯಿಸಲು ಮನೆಗೆಲಸ ಮಾಡಿ ಪಾಲು ಕೊಡುವುದು, ಯಾರ ವಸ್ತು ಸುಟ್ಟಿತೋ ಅವರ ಬಳಿ ಹೋಗಿ ಕ್ಷಮೆ ಕೇಳುವುದು. ನೆಂಟರ ಮುಂದೆ ಅದನ್ನು ಕಥೆಯಾಗಿ ಹೇಳಿ ನಗುವುದು, "ಬೆಂಕಿ ಹಚ್ಚುವವ" ಎಂದು ಕರೆಯುವುದು ಬೇಡವೇ ಬೇಡ. ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳುವ ಮಕ್ಕಳಿದ್ದಾರೆ.

ಏಳನೆಯ ಹೆಜ್ಜೆ: ಗೆರೆಯ ಚಿತ್ರ

ಮಕ್ಕಳ ಮನೋವೈದ್ಯರು 1980ರ ದಶಕದಿಂದ ಬಳಸುತ್ತಿರುವ ಸರಳ ವಿಧಾನವೊಂದಿದೆ. ಸಂಕಟದ ಮಗುವಿಗೆ ಇದು ಹೆಚ್ಚು ಒದಗುತ್ತದೆ. ನಿಜವಾದ ಚಿಕಿತ್ಸೆ ತಜ್ಞರ ಕೈಯಲ್ಲೇ ಇರಬೇಕು, ಆದರೆ ಇದರ ಮೊದಲ ಪಾಠವನ್ನು ಮನೆಯಲ್ಲೂ ಮಾಡಬಹುದು. ಎಂಟು ವರ್ಷ ದಾಟಿದವರಿಗೆ ಚೆನ್ನಾಗಿ ಹೊಂದುತ್ತದೆ.

ಅಡ್ಡ ಹಿಡಿದ ಒಂದು ಹಾಳೆ ತೆಗೆದುಕೊಳ್ಳಿ. ಕೆಳಗೆ ಎಡದಿಂದ ಬಲಕ್ಕೆ ಗೆರೆ ಎಳೆದು, ಬೆಂಕಿ ಹಚ್ಚಿದ ದಿನದ ಬೆಳಗಿನಿಂದ ರಾತ್ರಿಯವರೆಗೆ ಹೊತ್ತು ಗುರುತಿಸಿ. ಎಡಬದಿಯಲ್ಲಿ ಮೇಲಕ್ಕೊಂದು ಗೆರೆ ಎಳೆದು ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆಯಿರಿ: ಸೊನ್ನೆ ಅಂದರೆ ಆ ಭಾವನೆ ಇಲ್ಲವೇ ಇಲ್ಲ, ಹತ್ತು ಅಂದರೆ ತಡೆಯಲಾಗದಷ್ಟು. ಒಂದೊಂದು ಭಾವನೆಗೂ ಒಂದೊಂದು ಬಣ್ಣದ ಗೆರೆ: ಸಿಟ್ಟಿಗೆ ಕೆಂಪು ಎಂದುಕೊಳ್ಳಿ, ದುಃಖಕ್ಕೆ ನೀಲಿ, ಒಂಟಿತನಕ್ಕೆ ಕಪ್ಪು. ಬಣ್ಣಗಳನ್ನು ಮಗುವೇ ಆರಿಸಲಿ.

ಈಗ ಆ ದಿನ ನಡೆದದ್ದನ್ನು ಒಂದೊಂದಾಗಿ ಕೇಳುತ್ತಾ ಹೋಗಿ. ಹತ್ತು ವರ್ಷದ ಹುಡುಗನೊಬ್ಬ ಎಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಅಪ್ಪ ಮಾತಾಡದೆ ಹೊರಟುಹೋದರು, ನೀಲಿ ಗೆರೆ ಮೂರಕ್ಕೆ ಏರಿತು. ಹನ್ನೊಂದಕ್ಕೆ ತರಗತಿಯಲ್ಲಿ ಓದಲು ತಡವರಿಸಿದಾಗ ಹಿಂದಿನ ಬೆಂಚಿನವರು ನಕ್ಕರು, ಕೆಂಪು ಆರಕ್ಕೆ. ಬಿಡುವಿನಲ್ಲಿ ಆಟಕ್ಕೆ ಯಾರೂ ಕರೆಯಲಿಲ್ಲ, ಕಪ್ಪು ಏಳಕ್ಕೆ. ನಾಲ್ಕಕ್ಕೆ ಮನೆಗೆ ಬಂದರೆ ಬೀಗ. ಮೂರು ಗೆರೆಗಳೂ ಒಟ್ಟಿಗೆ ಮೇಲೆ. ನಾಲ್ಕೂವರೆಗೆ ಹಿತ್ತಲಿನಲ್ಲಿ ಓದಿನ ಪುಸ್ತಕದ ಹಾಳೆ ಹರಿದು ಕಡ್ಡಿ ಗೀರಿದ. ಉರಿಯುವಾಗ ಎಲ್ಲ ಗೆರೆಗಳೂ ದಡಕ್ಕನೆ ಇಳಿದವು. ಐದಕ್ಕೆ ಅಮ್ಮನಿಗೆ ಗೊತ್ತಾದರೆ ಎಂಬ ಭಯದಲ್ಲಿ ಹೊಸದೊಂದು ಗೆರೆ ಹತ್ತಕ್ಕೆ ಏರಿತು.

ಚಿತ್ರ ಮುಗಿದ ಮೇಲೆ ಬೋಧನೆ ಮಾಡಬೇಡಿ. ಕೆಂಪು ಗೆರೆ ಆರಕ್ಕೆ ಏರಿದ ಕಡೆ ಬೆರಳಿಟ್ಟು ಕೇಳಿ: "ಇಲ್ಲಿ ಇದ್ದಾಗ ಇನ್ನೇನು ಮಾಡಬಹುದಿತ್ತು?" ಉತ್ತರ ಮಗುವಿನಿಂದಲೇ ಬರಲಿ. ಒಬ್ಬರಿಗೆ ಅದು ಟೀಚರ್ ಬಳಿ ಹೋಗಿ ಹೇಳುವುದು, ಇನ್ನೊಬ್ಬರಿಗೆ ಚೆಂಡನ್ನು ಗೋಡೆಗೆ ಹೊಡೆಯುವುದು, ಮತ್ತೊಬ್ಬರಿಗೆ ಅಜ್ಜಿಗೆ ಫೋನ್ ಮಾಡುವುದು. ಎರಡು ದಾರಿ ಬರೆದಿಟ್ಟುಕೊಂಡು ಆ ಹಾಳೆಯ ಮೇಲೇ ಅಂಟಿಸಿ. ಬೀಗ ಹಾಕಿದ ಮನೆಯ ಬಗ್ಗೆ ಏನಾದರೂ ಮಾಡಬೇಕಾದವರು ದೊಡ್ಡವರು. ಅದನ್ನು ಮಗುವಿನ ತಲೆಗೆ ಕಟ್ಟಬೇಡಿ.

ಹದಿಹರೆಯದವರ ವಿಷಯ

ಹನ್ನೆರಡು ದಾಟಿದವರ ಬೆಂಕಿ ಹೆಚ್ಚಾಗಿ ಮನೆಯ ಹೊರಗೆ: ಒಣಹುಲ್ಲು, ಕಸದ ತೊಟ್ಟಿ, ಪಾಳು ಕಟ್ಟಡ, ಶಾಲೆಯ ಶೌಚಾಲಯ. ಜೊತೆಗೆ ಗುಂಪು, ಕೈಯಲ್ಲಿ ಮೊಬೈಲ್. ಸ್ಪ್ರೇ ಡಬ್ಬಿಗೆ ಉರಿ ಹಿಡಿಯುವುದು, ಅಂಗೈಗೆ ಸ್ಯಾನಿಟೈಸರ್ ಸುರಿದು ಹೊತ್ತಿಸುವುದು, ಅದನ್ನು ವಿಡಿಯೊ ಮಾಡಿ ಹಾಕುವುದು. ಸ್ಯಾನಿಟೈಸರಿನಲ್ಲಿರುವ ಆಲ್ಕೊಹಾಲಿನ ಉರಿ ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಆರಿತೆಂದುಕೊಂಡು ಇನ್ನಷ್ಟು ಸುರಿದವರು ಸುಟ್ಟುಕೊಂಡಿದ್ದಾರೆ. ಇವರ ಬಳಿ "ಬೆಂಕಿ ಕೆಟ್ಟದ್ದು" ಎಂಬ ಮಾತು ನಡೆಯದು. ಕಾನೂನು, ನಷ್ಟಪರಿಹಾರ, ಗಾಯದ ಚಿಕಿತ್ಸೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ದೊಡ್ಡವರೊಂದಿಗೆ ಮಾತಾಡಿದಂತೆ ಮಾತಾಡಿ. ಮಕ್ಕಳನ್ನು ಅಪರಾಧಕ್ಕೆ ಹೊಣೆಯಾಗಿಸುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಅದು ಹತ್ತೇ ವರ್ಷ. ನಿಮ್ಮಲ್ಲಿ ಎಷ್ಟೆಂದು ತಿಳಿದುಕೊಂಡು ಹೇಳಿ. ಗುಂಪಿನಲ್ಲಿ "ಬೇಡ" ಎನ್ನುವುದು ಹೇಗೆ ಎಂಬುದನ್ನೂ ಅಭ್ಯಾಸ ಮಾಡಿಸಬೇಕಾಗುತ್ತದೆ. "ಅಮ್ಮ ಕರೆಯುತ್ತಿದ್ದಾಳೆ" ಎಂಬ ನೆಪವನ್ನು ಬಳಸಿಕೊಳ್ಳಲು ಒಪ್ಪಿಗೆ ಕೊಡಿ. ಮರ್ಯಾದೆ ಉಳಿಸಿಕೊಂಡು ಜಾರಿಕೊಳ್ಳಲು ಅವರಿಗೊಂದು ದಾರಿ ಬೇಕು.

ತಜ್ಞರ ಬಳಿ ಯಾವಾಗ?

ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ: ಮನೆಯಲ್ಲಿ ಎಚ್ಚರಿಕೆ ವಹಿಸಿದ ಮೇಲೂ ಮತ್ತೆ ಹಚ್ಚುವುದು, ಉರುವಲು ಕೂಡಿಟ್ಟು, ಹೊತ್ತು ನೋಡಿ ಹಚ್ಚುವುದು, ಪೆಟ್ರೋಲ್, ಸೀಮೆಎಣ್ಣೆ ಬಳಸುವುದು, ಒಬ್ಬ ವ್ಯಕ್ತಿಯ ವಸ್ತುಗಳನ್ನೇ ಸುಡುವುದು, ಒಳಗೆ ಜನರಿದ್ದಾರೆಂದು ಗೊತ್ತಿದ್ದೂ ಹಚ್ಚುವುದು, ಉರಿಯುವುದನ್ನು ನಿಂತು ಸಂತೋಷದಿಂದ ನೋಡುವುದು, ಪ್ರಾಣಿಗಳನ್ನು ಹಿಂಸಿಸುವುದು, ತನ್ನನ್ನು ತಾನೇ ಗಾಯಪಡಿಸಿಕೊಳ್ಳುವುದು, ಸಾಯುವ ಮಾತಾಡುವುದು. ಕೊನೆಯದಿದ್ದರೆ ಅದೇ ದಿನ ಹೋಗಿ.

ಮಕ್ಕಳ ತಜ್ಞರಿಂದ ಶುರುಮಾಡಿ ಮಕ್ಕಳ ಮನೋವೈದ್ಯರು ಅಥವಾ ಆಪ್ತಸಮಾಲೋಚಕರ ಬಳಿಗೆ ಹೋಗಬಹುದು. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಗಳಲ್ಲಿ ಅಗ್ನಿಶಾಮಕ ಸೇವೆಗಳೇ ತರಬೇತಿ ಪಡೆದವರನ್ನು ಇಂಥ ಮಕ್ಕಳ ಮನೆಗೆ ಕಳುಹಿಸುತ್ತವೆ. ಆ ವ್ಯವಸ್ಥೆ ಇಲ್ಲದ ಕಡೆಯೂ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಕೇಳಿ ನೋಡುವುದರಿಂದ ನಷ್ಟವಿಲ್ಲ. ಆದರೆ ಸಮವಸ್ತ್ರದವರು ಒಮ್ಮೆ ಬಂದು ಬುದ್ಧಿ ಹೇಳಿ ಹೋದರೆ ಮುಗಿಯಿತು ಎಂದುಕೊಳ್ಳಬೇಡಿ. ಹೋಲಿಸಿ ನೋಡಿದ ಅಧ್ಯಯನದಲ್ಲಿ, ಒಂದೇ ಭೇಟಿಗಿಂತ ಹಲವು ವಾರಗಳ ಕ್ರಮಬದ್ಧ ಅಗ್ನಿ ಸುರಕ್ಷತಾ ಪಾಠ ಅಥವಾ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿದೆ. ಹೋಗುವಾಗ ನೀವು ಮಾಡಿಟ್ಟ ಪಟ್ಟಿಯನ್ನೂ ಗೆರೆಯ ಚಿತ್ರವನ್ನೂ ಒಯ್ಯಿರಿ. ತಜ್ಞರು ನಿಮ್ಮ ಮನೆಯ ಜಗಳ, ಕುಡಿತ, ಹೊಡೆತದ ಬಗ್ಗೆ ಕೇಳಿದರೆ ಸಿಟ್ಟಾಗಬೇಡಿ. ಕೇಳದಿದ್ದರೆ ಅವರು ತಮ್ಮ ಕೆಲಸ ಮಾಡುತ್ತಿಲ್ಲ.

ಮಗುವಿನ ಮೇಲೆ ಮನೆಯಲ್ಲಿ ಅಥವಾ ಹೊರಗೆ ದೌರ್ಜನ್ಯ ನಡೆಯುತ್ತಿರುವ ಅನುಮಾನವಿದ್ದರೆ ಬೆಂಕಿಯ ವಿಷಯ ಎರಡನೆಯದಾಗುತ್ತದೆ. ಮೊದಲು ಮಕ್ಕಳ ರಕ್ಷಣೆಯ ವ್ಯವಸ್ಥೆಗೆ ತಿಳಿಸಿ.

ಮುಂದಿನ ತಿಂಗಳುಗಳು

ಕೆಲವು ತಿಂಗಳು ಮಗುವನ್ನು ಒಂಟಿಯಾಗಿ ಬಿಡಬೇಡಿ. ಜೇಬು, ಚೀಲ ನೋಡುವುದಿದ್ದರೆ ಮಗುವಿಗೆ ತಿಳಿಸಿಯೇ ನೋಡಿ: "ನಿನ್ನ ಮೇಲೆ ಸಿಟ್ಟಿಲ್ಲ, ನಂಬಿಕೆ ಮತ್ತೆ ಕಟ್ಟುವವರೆಗೆ ಇದು ಇರುತ್ತದೆ" ಎಂದು. ಮಗುವನ್ನು ನೋಡಿಕೊಳ್ಳುವ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರಿಗೆ ವಿಷಯ ಗೊತ್ತಿರಲೇಬೇಕು. ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಮಾತ್ರ ಹೇಳಿ, ಇಡೀ ಸಿಬ್ಬಂದಿ ಕೋಣೆಗಲ್ಲ. ಮಗುವಿಗೂ ಅದನ್ನು ಮುಂಚಿತವಾಗಿ ತಿಳಿಸಿ.

ಮಧ್ಯೆ ಒಮ್ಮೆ ಮತ್ತೆ ಕಡ್ಡಿ ಗೀರಿದರೆ ಎಲ್ಲ ಹಾಳಾಯಿತೆಂದು ಕೈಚೆಲ್ಲಬೇಡಿ. ಮಗು ತಾನಾಗಿ ಬಂದು ಹೇಳಿತೇ, ನೀವೇ ಕಂಡುಹಿಡಿದಿರೇ ಎಂಬುದನ್ನು ನೋಡಿ. ತಾನಾಗಿ ಹೇಳಿದ್ದರೆ ನಿಮ್ಮ ನಿಯಮ ಕೆಲಸ ಮಾಡಿದೆ; ಹೊಸ ಹಾಳೆ ತೆಗೆದು ಆ ದಿನದ ಗೆರೆ ಎಳೆಯಿರಿ. ನೀವೇ ಕಂಡುಹಿಡಿದಿದ್ದರೆ ಕಡ್ಡಿ ಎಲ್ಲಿಂದ ಬಂತು ಎಂಬುದನ್ನು ಹುಡುಕಿ, ಮತ್ತು ತಜ್ಞರ ಭೇಟಿಯನ್ನು ಇನ್ನು ಮುಂದೂಡಬೇಡಿ.

ಕಾವಲನ್ನು ಸಡಿಲಿಸುವುದು ಹಂತಹಂತವಾಗಿರಲಿ. ಮೊದಲು ಹಗಲಿನಲ್ಲಿ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಮನೆಯಲ್ಲಿ ದೊಡ್ಡ ಬದಲಾವಣೆ ಬಂದಾಗ, ಅಂದರೆ ಮನೆ ಬದಲಾಯಿಸಿದಾಗ, ಹೊಸ ಮಗು ಹುಟ್ಟಿದಾಗ, ಯಾರಾದರೂ ತೀರಿಕೊಂಡಾಗ, ಕೆಲವು ವಾರ ಮತ್ತೆ ಬಿಗಿಗೊಳಿಸಿ. ಬೆಂಕಿಪೊಟ್ಟಣದ ಬೀಗ ಮಾತ್ರ, ಮಗು ಎಷ್ಟೇ ಸರಿಹೋದರೂ, ಹಾಗೇ ಇರಲಿ. ಮನೆಗೆ ಬೇರೆ ಮಕ್ಕಳೂ ಬರುತ್ತಾರೆ.